ಜಾನ್ ಬನ್ಯನನ ಚರಿತ್ರೆಯೂ ರಕ್ಷಣೆಯ ನಿಶ್ಚಯವೂ

ನಾವು ರಕ್ಷಣೆ ಹೊಂದಿದ್ದೇವೋ ಇಲ್ಲವೋ ಎಂಬ ಪ್ರಶ್ನೆಯು ವಿಶ್ವಾಸಿಗಳಲ್ಲಿ ಅನೇಕರ ಹೃದಯವನ್ನು ಒಳಗೊಳಗೇ ಕೊರೆಯುತ್ತದೆ. ಬಿತ್ತನೆಯ ಕಾಲದಲ್ಲಿಯೂ ಕೊಯಿಲಿನ ಕಾಲದಲ್ಲಿಯೂ ಕೈತುಂಬ ಕೆಲಸವಿರುವಾಗ ಅದು ಸುಮ್ಮನಿರುತ್ತದೆ. ಆದರೆ ಮನೆಗೆ ರೋಗವು ಬಂದಾಗ, ಹಳೆಯ ಪಾಪವೊಂದು ನೆನಪಿಗೆ ಬಂದಾಗ, ಪ್ರಾರ್ಥನೆಗೆ ಮೊಣಕಾಲೂರಿದರೂ ಬಾಯಿಂದ ಮಾತು ಹೊರಡದೆ ಹೋದಾಗ ಅದು ತಲೆಯೆತ್ತುತ್ತದೆ. ದೇವರು ನಮ್ಮನ್ನು ಕೈಬಿಟ್ಟನೋ, ನಮ್ಮ ನಂಬಿಕೆಯು ನಿಜವಾದ ನಂಬಿಕೆಯೋ, ಮರಣದ ಆಚೆ ನಮಗೆ ಸ್ಥಳವುಂಟೋ ಎಂಬ ಸಂಶಯಗಳು ಒಂದರ ಹಿಂದೊಂದು ಬರುತ್ತವೆ. ಇಂಥ ಸಂಶಯಗಳಲ್ಲಿ ಅನೇಕ ವರ್ಷ ಬೆಂದು, ಕಡೆಗೆ ಸ್ಥಿರವಾದ ನೆಲದ ಮೇಲೆ ಕಾಲೂರಿದ ಒಬ್ಬ ಬಡ ಕೆಲಸಗಾರನ ಚರಿತ್ರೆಯನ್ನು ಈ ಸಾರಿ ವಾಚಕರ ಮುಂದೆ ಇಡುತ್ತೇವೆ. ಅವನೇ ಇಂಗ್ಲೆಂಡ್ ದೇಶದ ಜಾನ್ ಬನ್ಯನನು. ಪರಲೋಕದ ಪಟ್ಟಣಕ್ಕೆ ಪ್ರಯಾಣ ಮಾಡುವ ಯಾತ್ರಿಕನ ಕಥೆಯನ್ನು ಬರೆದವನೆಂದು ಅವನ ಹೆಸರು ಲೋಕದಲ್ಲೆಲ್ಲಾ ಪ್ರಸಿದ್ಧವಾಗಿದೆ. ಆ ಪುಸ್ತಕವು ೧೯ನೆಯ ಶತಮಾನದಲ್ಲಿಯೇ ನಮ್ಮ ಕನ್ನಡಕ್ಕೂ ಬಂದಿತು. ಪುಸ್ತಕವನ್ನು ಬಲ್ಲವರು ಅನೇಕರು. ಬರೆದವನು ಎಂಥ ಕತ್ತಲೆಯನ್ನು ದಾಟಿ ಬಂದನೆಂಬದನ್ನು ಬಲ್ಲವರು ಕಡಿಮೆ.

ಲಂಡನ್ ಪಟ್ಟಣದ ಉತ್ತರಕ್ಕೆ ಬೆಡ್ಫರ್ಡ್ ಎಂಬ ಊರಿದೆ. ಅದರ ಸಮೀಪದಲ್ಲಿರುವ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಬನ್ಯನನು ಹುಟ್ಟಿ, ೧೬೨೮ನೆಯ ಇಸವಿ ನವೆಂಬರ್ ೩೦ರಂದು ದೀಕ್ಷಾಸ್ನಾನ ಹೊಂದಿದನು. ಅವನ ತಂದೆಯಾದ ಥಾಮಸನು ತೂತುಬಿದ್ದ ಪಾತ್ರೆಗಳಿಗೆ ಬೆಸುಗೆ ಹಾಕಿ ಜೀವಿಸುತ್ತಿದ್ದವನು. ಮಗನೂ ಅದೇ ಕಸಬನ್ನು ಕಲಿತನು. ಬಡವರಾದರೂ ತಂದೆತಾಯಿಗಳು ಅವನನ್ನು ಶಾಲೆಗೆ ಕಳುಹಿಸಿದರು. ಅಲ್ಲಿ ಅವನು ಓದುಬರಹವನ್ನು ಸ್ವಲ್ಪ ಕಲಿತು, ಬಳಿಕ ಅದನ್ನೂ ಬಹುಮಟ್ಟಿಗೆ ಮರೆತನು. ಆಣೆಯಿಡುವದರಲ್ಲಿಯೂ ಶಪಿಸುವದರಲ್ಲಿಯೂ ಸುಳ್ಳಾಡುವದರಲ್ಲಿಯೂ ಅವನಿಗೆ ಸಮಾನರು ಆ ಊರಿನ ಹುಡುಗರಲ್ಲಿ ಕೆಲವರೇ ಇದ್ದರು. ಆದರೂ ಒಂಬತ್ತು ಹತ್ತು ವರ್ಷದವನಾಗಿದ್ದಾಗಲೇ ರಾತ್ರಿಯ ಕನಸುಗಳಲ್ಲಿ ನರಕದ ಭಯವು ಅವನನ್ನು ಹಿಡಿದು ಅಲುಗಾಡಿಸುತ್ತಿತ್ತು.

೧೬೪೪ನೆಯ ಇಸವಿಯು ಅವನ ಮನೆಗೆ ದುಃಖದ ವರ್ಷವಾಯಿತು. ಜೂನ್ ತಿಂಗಳಲ್ಲಿ ತಾಯಿಯೂ ಜುಲೈ ತಿಂಗಳಲ್ಲಿ ತಂಗಿಯೂ ತೀರಿಹೋದರು. ಸ್ವಲ್ಪ ಕಾಲದೊಳಗೆ ತಂದೆಯು ಮತ್ತೊಂದು ಮದುವೆಯಾದನು. ಆಗ ಇಂಗ್ಲೆಂಡಿನಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿತ್ತು. ಹದಿನಾರು ವರ್ಷದ ಬನ್ಯನನು ಪಾರ್ಲಿಮೆಂಟಿನ ಸೈನ್ಯವನ್ನು ಸೇರಿದನು. ಒಮ್ಮೆ ಒಂದು ಊರಿನ ಮುತ್ತಿಗೆಗೆ ಹೋಗಲು ಅವನಿಗೆ ಅಪ್ಪಣೆಯಾಗಿರಲು, ಮತ್ತೊಬ್ಬ ಸಿಪಾಯಿಯು ಅವನ ಬದಲಾಗಿ ತಾನು ಹೋಗುವೆನೆಂದು ಕೇಳಿಕೊಂಡು ಹೋದನು. ಆ ಮನುಷ್ಯನು ಅಲ್ಲಿ ಕಾವಲು ನಿಂತಿದ್ದಾಗ ತಲೆಗೆ ಗುಂಡು ತಗಲಿ ಸತ್ತನು. ತನ್ನ ಸ್ಥಳದಲ್ಲಿ ಇನ್ನೊಬ್ಬನು ಸತ್ತನೆಂಬ ಈ ಸಂಗತಿಯನ್ನು ಬನ್ಯನನು ಮರೆಯಲಿಲ್ಲ. ಆದರೆ ಅದರಿಂದ ಆಗ ಅವನ ಹೃದಯವು ಕರಗಲೂ ಇಲ್ಲ.

ಸೈನ್ಯದಿಂದ ತಿರಿಗಿ ಬಂದ ಮೇಲೆ ಅವನು ಮದುವೆಯಾದನು. ಗಂಡಹೆಂಡರಿಬ್ಬರಿಗೂ ಸೇರಿ ಒಂದು ತಟ್ಟೆಯಾಗಲಿ ಒಂದು ಚಮಚವಾಗಲಿ ಇರಲಿಲ್ಲ. ಹೆಂಡತಿಯು ಭಕ್ತನಾಗಿದ್ದ ತನ್ನ ತಂದೆಯಿಂದ ಎರಡು ಧರ್ಮಪುಸ್ತಕಗಳನ್ನು ಮಾತ್ರ ತಂದಿದ್ದಳು. ಇಬ್ಬರೂ ಅವುಗಳನ್ನು ಕೂಡಿ ಓದುತ್ತಿದ್ದರು. ಬನ್ಯನನು ದೇವಾಲಯಕ್ಕೆ ತಪ್ಪದೆ ಹೋಗತೊಡಗಿದನು. ಆದರೆ ಆದಿತ್ಯವಾರದ ಆಟಗಳನ್ನು ಬಿಡಲಿಲ್ಲ. ಒಂದು ಆದಿತ್ಯವಾರ ಆಟದ ನಡುವೆ, ಪಾಪವನ್ನು ಬಿಟ್ಟು ಪರಲೋಕಕ್ಕೆ ಬರುವೆಯೋ ಪಾಪದೊಡನೆ ನರಕಕ್ಕೆ ಹೋಗುವೆಯೋ ಎಂದು ಮೇಲಿನಿಂದ ಯಾರೋ ಕೇಳಿದ ಹಾಗೆ ಅವನ ಮನಸ್ಸಿಗೆ ತೋಚಿತು. ಆಗ ಅವನು ಮಾಡಿದ ಆಲೋಚನೆಯನ್ನು ವಾಚಕರು ಗಮನಿಸಬೇಕು. ತನಗೆ ಕ್ಷಮೆಯ ಕಾಲವು ಮುಗಿದುಹೋಯಿತು, ಹೇಗಾದರೂ ನಾಶವಾಗತಕ್ಕವನು ಸ್ವಲ್ಪ ಪಾಪ ಮಾಡಿದರೇನು ಬಹಳ ಮಾಡಿದರೇನು ಎಂದುಕೊಂಡು, ಅವನು ಪುನಃ ಆಟಕ್ಕೆ ಕೈಹಾಕಿದನು. ನಿರಾಶೆಯು ಮನುಷ್ಯನನ್ನು ಪರಿಶುದ್ಧನನ್ನಾಗಿ ಮಾಡುವದಿಲ್ಲ. ಪಾಪಕ್ಕೆ ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕುತ್ತದೆ.

ಸುಮಾರು ಒಂದು ತಿಂಗಳಾದ ಮೇಲೆ, ಒಳ್ಳೇ ಹೆಸರಿಲ್ಲದ ಒಬ್ಬ ಹೆಂಗಸೇ ಅವನ ಶಾಪದ ಮಾತುಗಳನ್ನು ಕೇಳಲಾರದೆ ಅವನನ್ನು ಗದರಿಸಿದಳು. ಅವನು ನಾಚಿ ತಲೆತಗ್ಗಿಸಿದನು; ಅಂದಿನಿಂದ ಆಣೆಯಿಡುವ ಚಾಳಿಯು ನಿಂತಿತು. ಸತ್ಯವೇದವನ್ನು ಓದುವದಕ್ಕೂ ಆಜ್ಞೆಗಳನ್ನು ಕೈಕೊಳ್ಳುವದಕ್ಕೂ ಪ್ರಾರಂಭಿಸಿದನು. ತನಗೆ ಬಹು ಪ್ರಿಯವಾಗಿದ್ದ ದೇವಾಲಯದ ಗಂಟೆ ಬಾರಿಸುವದನ್ನೂ, ಕುಣಿತವನ್ನೂ ಬಿಟ್ಟನು. ನೆರೆಹೊರೆಯವರು ಆಶ್ಚರ್ಯಪಟ್ಟು ಅವನನ್ನು ಹೊಗಳಿದರು. ಅವನೂ ತನ್ನನ್ನು ಹೊಗಳಿಕೊಂಡು, ದೇವರನ್ನು ಮೆಚ್ಚಿಸುವದರಲ್ಲಿ ತನಗಿಂತ ಮೇಲಾದವನು ಯಾರೂ ಇಲ್ಲವೆಂದು ಎಣಿಸಿಕೊಂಡನು. ಆದರೆ ಬರೇ ನಡತೆಯ ಮೇಲೆ ಕಟ್ಟಿದ ಈ ಸಮಾಧಾನವು ನಿಲ್ಲತಕ್ಕದ್ದಾಗಿರಲಿಲ್ಲ.

ಒಂದು ದಿನ ಅವನು ಕೆಲಸಕ್ಕಾಗಿ ಬೆಡ್ಫರ್ಡಿಗೆ ಹೋಗಿದ್ದಾಗ, ಮೂರು ನಾಲ್ಕು ಮಂದಿ ಬಡ ಹೆಂಗಸರು ಬಾಗಿಲ ಬಳಿ ಬಿಸಿಲಿನಲ್ಲಿ ಕುಳಿತು ದೇವರ ವಿಷಯ ಮಾತಾಡುತ್ತಿದ್ದರು. ಧರ್ಮದ ವಿಷಯ ವಾದಿಸಲು ತಾನು ಸಮರ್ಥನೆಂದು ನೆನಸಿದ್ದ ಬನ್ಯನನು ಹತ್ತಿರ ಹೋಗಿ ಕಿವಿಗೊಟ್ಟನು. ಅವರ ಮಾತು ಅವನ ಅಳತೆಗೆ ಮೀರಿತ್ತು. ಅವರು ಹೊಸ ಜನ್ಮವನ್ನೂ, ತಮ್ಮ ಹೃದಯಗಳ ದೀನಸ್ಥಿತಿಯನ್ನೂ, ಕ್ರಿಸ್ತನ ಪ್ರೀತಿಯು ತಮ್ಮನ್ನು ಸಂತೈಸಿದ ವಿಧವನ್ನೂ ಹೇಳಿಕೊಳ್ಳುತ್ತಿದ್ದರು. ಆನಂದವೇ ಅವರಿಂದ ಮಾತಾಡಿಸುವ ಹಾಗೆ ತೋರಿತು. ತನ್ನಲ್ಲಿ ಇಲ್ಲದ್ದೊಂದು ಈ ಬಡವರಲ್ಲಿ ಇದೆಯೆಂದು ತಿಳಿದು, ಅವನು ಮನಸ್ಸಿನಲ್ಲಿ ಗಾಯಗೊಂಡವನಾಗಿ ಹೊರಟುಹೋದನು.

ಅಂದಿನಿಂದ ತನಗೆ ನಿಜವಾದ ನಂಬಿಕೆಯುಂಟೋ ಎಂಬ ಪ್ರಶ್ನೆಯು ಅವನನ್ನು ಬಿಡಲಿಲ್ಲ. ಎಲ್‌ಸ್ಟೋವಿನಿಂದ ಬೆಡ್ಫರ್ಡಿಗೆ ಹೋಗುವ ದಾರಿಯಲ್ಲಿ ಒಮ್ಮೆ, ನಂಬಿಕೆಯಿದ್ದರೆ ಅದ್ಭುತವನ್ನು ಮಾಡಿ ನೋಡಬೇಕೆಂದು ತೋಚಿ, ರಸ್ತೆಯ ಗುಂಡಿಗಳಲ್ಲಿ ನಿಂತಿದ್ದ ನೀರಿಗೆ ಒಣಗಿಹೋಗೆಂದು ಅಪ್ಪಣೆ ಕೊಡುವದಕ್ಕೆ ಸಿದ್ಧನಾದನು. ಆದರೆ ಮೊದಲು ಬೇಲಿಯ ಮರೆಯಲ್ಲಿ ಪ್ರಾರ್ಥಿಸೋಣವೆಂದು ಎಣಿಸುವಷ್ಟರಲ್ಲಿ, ನೀರು ಒಣಗದೆ ಹೋದರೆ ತಾನು ನಂಬಿಕೆಯಿಲ್ಲದ ಭ್ರಷ್ಟನೆಂದು ಸ್ಥಿರವಾಗಿಬಿಡುವದಲ್ಲಾ ಎಂದು ಹೆದರಿ, ಆ ಪರೀಕ್ಷೆಯನ್ನೇ ಬಿಟ್ಟನು. ಇದನ್ನು ಓದಿ ನಗುವವರು ತಮ್ಮನ್ನು ಕೇಳಿಕೊಳ್ಳಲಿ. ಈ ಕಾರ್ಯ ಕೈಗೂಡಿದರೆ ದೇವರು ನಮ್ಮ ಸಂಗಡ ಇದ್ದಾನೆ, ಈ ಮಗು ಗುಣವಾದರೆ ನಮ್ಮ ನಂಬಿಕೆ ನಿಜ ಎಂದು ನಾವೂ ಗುರುತುಗಳನ್ನು ಹುಡುಕುವದಿಲ್ಲವೋ?

ಆ ಹೆಂಗಸರು ಸೇರಿದ್ದ ಸಭೆಯ ಪಾಲಕನು ಜಾನ್ ಗಿಫರ್ಡ್ ಎಂಬವನು. ಅವನು ಮೊದಲು ಅರಸನ ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಮರಣದಂಡನೆಯ ತೀರ್ಪು ಹೊಂದಿ, ಸೆರೆಯಿಂದ ತಪ್ಪಿಸಿಕೊಂಡು, ಕುಡಿತದಲ್ಲಿಯೂ ಜೂಜಿನಲ್ಲಿಯೂ ಕೆಟ್ಟುಹೋಗಿ, ಬಳಿಕ ಕೃಪೆಯಿಂದ ಎತ್ತಲ್ಪಟ್ಟವನು. ಇಂಥವನು ಬನ್ಯನನಿಗೆ ತಕ್ಕ ವೈದ್ಯನಾದನು. ಇದಲ್ಲದೆ ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೇಲೆ ಮಾರ್ಟಿನ್ ಲೂಥರನು ಬರೆದ ವ್ಯಾಖ್ಯಾನದ ಒಂದು ಹಳೆಯ ಪ್ರತಿಯು, ಮುಟ್ಟಿದರೆ ಹರಿಯುವ ಸ್ಥಿತಿಯಲ್ಲಿ, ಅವನ ಕೈಗೆ ಬಂತು. ತನ್ನ ಹೃದಯವನ್ನೇ ನೋಡಿ ಬರೆದ ಹಾಗೆ ಅದು ಅವನಿಗೆ ಕಂಡಿತು. ಸತ್ಯವೇದವೊಂದನ್ನು ಬಿಟ್ಟರೆ ಗಾಯಗೊಂಡ ಮನಸ್ಸಾಕ್ಷಿಗೆ ಅದರಷ್ಟು ಹಿತವಾದ ಪುಸ್ತಕವನ್ನು ಅವನು ಕಾಣಲಿಲ್ಲ.

ಇಷ್ಟಾದ ಮೇಲೆಯೇ ಅತಿ ಘೋರವಾದ ಶೋಧನೆಯು ಬಂತು. ಈ ಲೋಕದ ಯಾವದೋ ವಸ್ತುವಿಗಾಗಿ ಕ್ರಿಸ್ತನನ್ನು ಮಾರಿಬಿಡೆಂಬ ಆಲೋಚನೆಯು ಒಂದು ವರ್ಷದ ವರೆಗೆ ಅವನನ್ನು ಹಗಲೂ ರಾತ್ರಿಯೂ ಕಾಡಿತು. ಊಟಕ್ಕೆ ಕುಳಿತರೂ, ಕಟ್ಟಿಗೆ ಒಡೆದರೂ, ನೆಲದಿಂದ ಒಂದು ಸೂಜಿಯನ್ನು ಎತ್ತಿಕೊಂಡರೂ ಅದೇ ಮಾತು. ಅವನು ಕೈಮೊಣಕೈಗಳಿಂದ ಶತ್ರುವನ್ನು ತಳ್ಳುವವನ ಹಾಗೆ ಒದ್ದಾಡಿದನು. ಕಡೆಗೆ ಒಂದು ಮುಂಜಾನೆ ಹಾಸಿಗೆಯಲ್ಲಿರುವಾಗ, ಹೋರಾಡಿ ದಣಿದ ಅವನ ಮನಸ್ಸಿನಲ್ಲಿ, ಆತನು ಹೋಗುವದಾದರೆ ಹೋಗಲಿ ಎಂಬ ಆಲೋಚನೆಯು ಹಾದುಹೋಯಿತು. ಕೂಡಲೇ, ಗುಂಡು ತಗಲಿ ಮರದ ಮೇಲಿನಿಂದ ಬಿದ್ದ ಹಕ್ಕಿಯಂತೆ ಅವನು ನಿರಾಶೆಗೆ ಬಿದ್ದನು.

ಎರಡು ವರ್ಷಕ್ಕೂ ಹೆಚ್ಚು ಕಾಲ ಇಬ್ರಿಯರಿಗೆ ಬರೆದ ಪತ್ರಿಕೆಯ ೧೨ನೆಯ ಅಧ್ಯಾಯವು ಅವನನ್ನು ಹಿಂಸಿಸಿತು. ಒಂದು ಊಟಕ್ಕೆ ಚೊಚ್ಚಲತನವನ್ನು ಮಾರಿದ ಏಸಾವನು ಬಳಿಕ ಕಣ್ಣೀರಿಟ್ಟರೂ ಆಶೀರ್ವಾದವನ್ನು ಹೊಂದಲಿಲ್ಲವೆಂದು ಅಲ್ಲಿ ಹೇಳಿದೆಯಲ್ಲಾ. ತಾನು ಕ್ರಿಸ್ತನನ್ನೇ ಮಾರಿದವನಾದದರಿಂದ ತನಗೆ ಇನ್ನೇನು ಉಳಿದದೆ ಎಂದುಕೊಂಡನು. ತನ್ನ ಪಾಪವನ್ನು ದಾವೀದನ ಪಾಪಕ್ಕೂ ಪೇತ್ರನ ಪಾಪಕ್ಕೂ ಹೋಲಿಸಿ ನೋಡಿ, ಎಲ್ಲವುಗಳಿಗಿಂತಲೂ ತನ್ನದೇ ದೊಡ್ಡದೆಂದೂ ಯೂದನ ಪಾಪಕ್ಕೆ ಹತ್ತಿರವಾದದ್ದೆಂದೂ ಎಣಿಸಿದನು. ಪವಿತ್ರಾತ್ಮನಿಗೆ ವಿರೋಧವಾದ ಪಾಪವನ್ನು ಮಾಡಿದೆನೆಂದು ತನಗೆ ತೋರುತ್ತದೆಂದು ಅವನು ಒಬ್ಬ ವೃದ್ಧ ವಿಶ್ವಾಸಿಗೆ ಹೇಳಿದಾಗ, ತನಗೂ ಹಾಗೆಯೇ ತೋರುತ್ತದೆಂದು ಆ ವೃದ್ಧನು ಉತ್ತರಕೊಟ್ಟನು. ಒಂದು ದಿನ ಬನ್ಯನನು ನೆರೆಯೂರಿನ ಬೀದಿಯಲ್ಲಿ ಕುಳಿತಿದ್ದಾಗ, ಸೂರ್ಯನು ತನಗೆ ಬೆಳಕು ಕೊಡಲು ಮನಸ್ಸಿಲ್ಲದವನಂತೆಯೂ, ಬೀದಿಯ ಕಲ್ಲುಗಳೂ ಮನೆಗಳ ಹೆಂಚುಗಳೂ ತನಗೆ ವಿರೋಧವಾಗಿ ನಿಂತಂತೆಯೂ ಅವನಿಗೆ ಕಂಡಿತು.

ಆದರೆ ದೇವರು ಅವನನ್ನು ಬಿಟ್ಟಿರಲಿಲ್ಲ. ಮುಳ್ಳಿನಿಂದ ಬಾಧೆಪಟ್ಟ ಪೌಲನಿಗೆ ಕೃಪೆಯೇ ಸಾಕೆಂದು ಕರ್ತನು ಕೊಟ್ಟ ಉತ್ತರವು, ಒಂದು ಸಭಾಕೂಟದಲ್ಲಿ ಮೂರು ಸಾರಿ ಅವನ ಹೃದಯವನ್ನು ಬಲವಾಗಿ ಹೊಕ್ಕಿತು. ತನ್ನ ಬಳಿಗೆ ಬರುವವನನ್ನು ಕರ್ತನು ಹೊರಗೆ ತಳ್ಳಿಬಿಡುವದಿಲ್ಲವೆಂಬ, ಯೋಹಾನನ ಸುವಾರ್ತೆಯ ೬ನೆಯ ಅಧ್ಯಾಯದ ವಾಗ್ದಾನವನ್ನು ಅವನು ಒಂದು ತುದಿಯಲ್ಲಿ ಹಿಡಿದು ಎಳೆದನು, ಸೈತಾನನು ಇನ್ನೊಂದು ತುದಿಯಲ್ಲಿ ಎಳೆದನು, ಬನ್ಯನನು ಬಿಡಲಿಲ್ಲ. ಹೀಗಿರಲಾಗಿ ಒಂದು ದಿನ ಹೊಲದಲ್ಲಿ ಹಾದುಹೋಗುವಾಗ, ತನ್ನ ನೀತಿಯು ಪರಲೋಕದಲ್ಲಿದೆ ಎಂಬ ಆಲೋಚನೆಯು ಅವನಿಗೆ ಫಕ್ಕನೆ ಹೊಳೆಯಿತು. ದೇವರ ಬಲಗಡೆಯಲ್ಲಿ ಕುಳಿತಿರುವ ಯೇಸು ಕ್ರಿಸ್ತನೇ ತನ್ನ ನೀತಿಯೆಂದು ಅವನು ಆತ್ಮದ ಕಣ್ಣುಗಳಿಂದ ಕಂಡನು. ತನ್ನ ಮನಸ್ಸು ಉಲ್ಲಾಸವಾಗಿದ್ದರೆ ಆ ನೀತಿಯು ಹೆಚ್ಚುವದಿಲ್ಲ. ಮನಸ್ಸು ಕುಗ್ಗಿದರೆ ಅದು ಕುಂದುವದಿಲ್ಲ. ಯಾಕಂದರೆ ಕ್ರಿಸ್ತನು ಎಂದೆಂದಿಗೂ ಬದಲಾಗದವನು. ಆಗ ಕಾಲಿನ ಸಂಕೋಲೆಗಳು ಕಳಚಿಬಿದ್ದ ಹಾಗಾಯಿತು.

ಮನೆಗೆ ಬಂದು ಅವನು ಮಾಡಿದ ಕೆಲಸವು ನಮಗೆಲ್ಲಾ ಪಾಠವಾಗಿದೆ. ಹೊಲದಲ್ಲಿ ಹೊಳೆದ ಮಾತು ಸತ್ಯವೇದದಲ್ಲಿ ಉಂಟೋ ಎಂದು ಹುಡುಕಿದನು. ಅದೇ ಮಾತು ಎಲ್ಲಿಯೂ ಸಿಕ್ಕಲಿಲ್ಲ. ಅವನ ಮನಸ್ಸು ಪುನಃ ಕುಗ್ಗತೊಡಗಿತು. ಆಗ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ೧ನೆಯ ಅಧ್ಯಾಯದ ೩೦ನೆಯ ವಚನವು ಕಣ್ಣಿಗೆ ಬಿತ್ತು. ದೇವರು ಕ್ರಿಸ್ತನನ್ನೇ ನಮಗೆ ಜ್ಞಾನವೂ ನೀತಿಯೂ ಪರಿಶುದ್ಧತೆಯೂ ವಿಮೋಚನೆಯೂ ಆಗಿ ಕೊಟ್ಟಿದ್ದಾನೆಂದು ಅಲ್ಲಿ ಕಂಡು ಅವನು ನೆಮ್ಮದಿಹೊಂದಿದನು. ಮನಸ್ಸಿಗೆ ಹೊಳೆದದ್ದು ಎಷ್ಟು ಮಧುರವಾಗಿದ್ದರೂ ವಾಕ್ಯದಲ್ಲಿ ನೆಲೆಯಿಲ್ಲದಿದ್ದರೆ ಅದರ ಮೇಲೆ ನಿಲ್ಲಬಾರದೆಂದು ಅವನು ಬಲ್ಲವನಾಗಿದ್ದನು.

ಈ ಸತ್ಯವನ್ನು ಅವನು ಒಂದು ಹೋಲಿಕೆಯಿಂದ ವಿವರಿಸಿದ್ದಾನೆ. ಐಶ್ವರ್ಯವಂತನು ತನ್ನ ಚೀಲದಲ್ಲಿ ಸವೆದ ಚಿಲ್ಲರೆ ಕಾಸುಗಳನ್ನು ಇಟ್ಟುಕೊಂಡು ತಿರುಗುತ್ತಾನೆ. ಅವನ ಚಿನ್ನವೋ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ಹಾಗೆಯೇ ನಮ್ಮಲ್ಲಿ ಕಂಡುಬರುವ ಭಕ್ತಿ, ಪ್ರೀತಿ, ಕಣ್ಣೀರು, ಉತ್ಸಾಹ ಇವು ಕೈಯಲ್ಲಿರುವ ಚಿಲ್ಲರೆ. ನಮ್ಮ ಚಿನ್ನವು ಪರಲೋಕದಲ್ಲಿದೆ, ಅದು ಕ್ರಿಸ್ತನೇ. ಚಿಲ್ಲರೆ ಕಡಿಮೆಯಾದ ದಿನ ದಿವಾಳಿಯಾದೆವೆಂದು ಅಳಬೇಕಾದದ್ದಿಲ್ಲ.

ಇಂಥ ನಿಶ್ಚಯವು ಮನುಷ್ಯನನ್ನು ಸೋಮಾರಿಯನ್ನಾಗಿ ಮಾಡೀತೆಂದು ಕೆಲವರು ಹೇಳುವದುಂಟು. ಬನ್ಯನನ ಮುಂದಿನ ಚರಿತ್ರೆಯೇ ಅದಕ್ಕೆ ಉತ್ತರ. ಅವನು ಬೆಡ್ಫರ್ಡಿನ ಸಭೆಯನ್ನು ಸೇರಿ, ಕಸಬನ್ನು ನಡಿಸುತ್ತಲೇ ಹಳ್ಳಿಗಳಲ್ಲಿ ಸುವಾರ್ತೆಯನ್ನು ಸಾರತೊಡಗಿದನು. ಮೊದಲನೆಯ ಹೆಂಡತಿಯು ನಾಲ್ಕು ಮಕ್ಕಳನ್ನು ಬಿಟ್ಟು ತೀರಿಹೋಗಲು, ೧೬೫೯ರಲ್ಲಿ ಎಲಿಜಬೆತ್ ಎಂಬವಳನ್ನು ಮದುವೆಯಾದನು. ೧೬೬೦ರಲ್ಲಿ ಅರಸನಾದ ೨ನೆಯ ಚಾರ್ಲ್ಸನು ಸಿಂಹಾಸನಕ್ಕೆ ಬಂದ ಮೇಲೆ, ರಾಜ್ಯದ ಸಭೆಯ ಹೊರಗೆ ಕೂಟ ನಡಿಸುವವರ ಮೇಲೆ ಹಳೆಯ ಕಾನೂನುಗಳನ್ನು ಪುನಃ ಎಬ್ಬಿಸಿದರು. ಆ ವರ್ಷ ನವೆಂಬರ್ ೧೨ರಂದು ಒಂದು ಹಳ್ಳಿಯ ಮನೆಯಲ್ಲಿ ಅವನು ಪ್ರಸಂಗಿಸಬೇಕಾಗಿತ್ತು. ಹಿಡಿಯಲು ವಾರಂಟು ಹೊರಟಿದೆಯೆಂದು ಮುಂದಾಗಿ ತಿಳಿದಿತ್ತು. ತಪ್ಪಿಸಿಕೊಳ್ಳಲು ಸಮಯವೂ ಇತ್ತು. ಆದರೆ ತಾನು ಓಡಿಹೋದರೆ ಹೊಸದಾಗಿ ನಂಬಿದ ಬಲಹೀನರು ಎಡವುವರೆಂದು ಎಣಿಸಿ ಅವನು ಅಲ್ಲಿಯೇ ನಿಂತನು. ಇನ್ನು ಮುಂದೆ ಪ್ರಸಂಗಿಸುವದಿಲ್ಲವೆಂದು ಒಪ್ಪಿಕೊಂಡಿದ್ದರೆ ಬಿಡುಗಡೆಯಾಗಬಹುದಾಗಿತ್ತು. ಒಪ್ಪದೆ ಹೋದದರಿಂದ ಹನ್ನೆರಡು ವರ್ಷ ಬೆಡ್ಫರ್ಡಿನ ಸೆರೆಮನೆಯಲ್ಲಿದ್ದನು.

ಅವನ ಹಿರಿಯ ಮಗಳಾದ ಮೇರಿಯು ಕುರುಡಿ. ಹೆಂಡತಿಮಕ್ಕಳನ್ನು ಬಿಡುವದು ಎಲುಬಿನಿಂದ ಮಾಂಸವನ್ನು ಕಿತ್ತ ಹಾಗಿತ್ತೆಂದೂ, ಎಲ್ಲಕ್ಕಿಂತ ಆ ಕುರುಡು ಮಗಳ ನೆನಪು ತನ್ನ ಹೃದಯವನ್ನು ಸೀಳುತ್ತಿತ್ತೆಂದೂ ಅವನು ಬರೆದಿದ್ದಾನೆ. ಅವರ ಹೊಟ್ಟೆಗಾಗಿ ಅವನು ಸೆರೆಯಲ್ಲಿ ಲಾಡಿಗಳ ತುದಿಗೆ ಲೋಹದ ಮೊನೆಗಳನ್ನು ಕಟ್ಟುತ್ತಾ ನೂರಾರು ಡಜನುಗಳನ್ನು ಮಾರಾಟಕ್ಕೆ ಸಿದ್ಧಮಾಡಿದನು. ಎಲಿಜಬೆತಳು ೧೬೬೧ರ ಆಗಸ್ಟ್ ತಿಂಗಳಲ್ಲಿ ನ್ಯಾಯಾಧಿಪತಿಗಳ ಮುಂದೆ ಧೈರ್ಯದಿಂದ ನಿಂತು ಗಂಡನಿಗಾಗಿ ಬೇಡಿದಳು. ಮ್ಯಾಥ್ಯೂ ಹೇಲ್ ಎಂಬ ನ್ಯಾಯಾಧಿಪತಿಯು ಕನಿಕರದಿಂದ ಕೇಳಿದನು. ಆದರೂ ಬಿಡುಗಡೆ ದೊರೆಯಲಿಲ್ಲ. ಅವಳು ಅಳುತ್ತಾ ಹೊರಗೆ ಬಂದಳು. ತನ್ನ ಕಷ್ಟಕ್ಕಾಗಿ ಮಾತ್ರವಲ್ಲ, ಕರ್ತನ ಬರೋಣದಲ್ಲಿ ಆ ಅಧಿಕಾರಿಗಳು ಎಂಥ ಲೆಕ್ಕವನ್ನು ಕೊಡಬೇಕಾಗುವದೋ ಎಂದು ನೆನಸಿ ಅತ್ತಳು.

ಸೆರೆಯಲ್ಲಿಯೂ ಅವನ ಮನಸ್ಸಿನ ಹವೆ ಒಂದೇ ರೀತಿಯಾಗಿರಲಿಲ್ಲ. ತನ್ನನ್ನು ಗಲ್ಲಿಗೇರಿಸುವರೇನೋ ಎಂಬ ಭಯವು ಮೊದಲಲ್ಲಿ ಅವನನ್ನು ಹಿಡಿಯಿತು. ಏಣಿಯ ಮೇಲೆ ಮುಖ ಬಾಡಿ ಮೊಣಕಾಲು ನಡುಗಿದರೆ ದೇವರ ಹೆಸರಿಗೆ ಅವಮಾನವಾದೀತೆಂದು ಹೆದರಿದನು. ಸಮಾಧಾನಕ್ಕಾಗಿ ಪ್ರಾರ್ಥಿಸಿದರೂ ಅದು ಬರಲಿಲ್ಲ. ಆಗ ಅವನು ಒಂದು ತೀರ್ಮಾನಕ್ಕೆ ಬಂದನು. ದೇವರು ಈಗ ಆದರಣೆ ಕೊಟ್ಟರೂ ಕೊಡದಿದ್ದರೂ ತಾನು ಆತನ ಮಾತಿಗೆ ಕಟ್ಟುಬಿದ್ದವನು. ಆದದರಿಂದ ಕಣ್ಣುಕಟ್ಟಿದವನಂತೆ ಏಣಿಯಿಂದ ನಿತ್ಯತ್ವದೊಳಗೆ ಹಾರಿಬಿಡುವೆನು. ಕರ್ತನು ಹಿಡಿದರೆ ಹಿಡಿಯಲಿ, ಹಿಡಿಯದಿದ್ದರೂ ಆತನ ಹೆಸರಿಗಾಗಿ ಹಾರುವೆನು ಎಂಬದೇ ಆ ತೀರ್ಮಾನ. ಹೀಗೆ ತನ್ನನ್ನು ಒಪ್ಪಿಸಿದ ಕ್ಷಣದಲ್ಲಿಯೇ ಅವನ ಹೃದಯವು ಆದರಣೆಯಿಂದ ತುಂಬಿತು. ನಂಬಿಕೆಯೆಂದರೆ ಹಿತವಾದ ಭಾವನೆಯಲ್ಲ, ಕರ್ತನ ಮೇಲೆ ಭಾರಹಾಕುವದೇ ಎಂಬದು ಇದರಿಂದ ಸ್ಪಷ್ಟವಾಗುತ್ತದೆ.

೧೬೬೬ರಲ್ಲಿ ಸೆರೆಯಲ್ಲಿರುವಾಗಲೇ ಅವನು ತನ್ನ ಆತ್ಮದ ಚರಿತ್ರೆಯನ್ನು ಪ್ರಕಟಿಸಿದನು. ಮೇಲೆ ಹೇಳಿದ ಸಂಗತಿಗಳಲ್ಲಿ ಹೆಚ್ಚಿನವು ಅದರಲ್ಲಿವೆ. ೧೬೭೨ರಲ್ಲಿ ಬಿಡುಗಡೆ ಹೊಂದಿ ಬೆಡ್ಫರ್ಡ್ ಸಭೆಯ ಪಾಲಕನಾದನು. ಯಾತ್ರಿಕನ ಕಥೆಯ ಮೊದಲನೆಯ ಭಾಗವು ೧೬೭೮ರಲ್ಲಿಯೂ ಎರಡನೆಯ ಭಾಗವು ೧೬೮೪ರಲ್ಲಿಯೂ ಹೊರಟವು. ಇನ್ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಅದನ್ನು ಈಗ ಓದಬಹುದು. ಅದರಲ್ಲಿ ಯಾತ್ರಿಕನು ನಿರಾಶೆಯೆಂಬ ರಾಕ್ಷಸನ ಕೋಟೆಯಲ್ಲಿ ಸೆರೆಬಿದ್ದು, ವಾಗ್ದಾನವೆಂಬ ಬೀಗದ ಕೈಯು ಮೊದಲಿನಿಂದಲೂ ತನ್ನ ಎದೆಯಲ್ಲಿಯೇ ಇತ್ತೆಂದು ನೆನಪುಮಾಡಿಕೊಂಡು ಹೊರಗೆ ಬರುತ್ತಾನೆ. ಕಡೆಯಲ್ಲಿ ಮರಣದ ಹೊಳೆಯನ್ನು ದಾಟುವಾಗ ಅವನು ಮುಳುಗುವವನಂತಾಗುತ್ತಾನೆ. ಜೊತೆಗಾರನು ಅವನ ತಲೆಯನ್ನು ನೀರಿನ ಮೇಲಕ್ಕೆ ಎತ್ತಿಹಿಡಿಯುತ್ತಾನೆ. ಮುಳುಗಿದ ಹಾಗೆ ತೋರಿದರೂ ಅವನು ಆಚೇ ದಡವನ್ನು ಸೇರುತ್ತಾನೆ. ಎರಡನೆಯ ಭಾಗದಲ್ಲಿ ಭೀತನೆಂಬ ಇನ್ನೊಬ್ಬ ಯಾತ್ರಿಕನುಂಟು. ಅವನು ದಾರಿಯುದ್ದಕ್ಕೂ, ಕಡೆಗೆ ತನ್ನನ್ನು ಒಳಗೆ ಸೇರಿಸುವರೋ ಇಲ್ಲವೋ ಎಂದು ನಡುಗಿದವನು. ಅವನು ಹೊಳೆಗೆ ಬಂದ ದಿನ ನೀರು ಎಂದೂ ಇಲ್ಲದಷ್ಟು ಇಳಿದಿತ್ತು. ಅವನು ಹೆಚ್ಚು ಕಡಿಮೆ ಕಾಲು ಒದ್ದೆಯಾಗದೆ ದಾಟಿಹೋದನು. ಆದರೆ ಅಜ್ಞಾನಿಯೆಂಬವನು ತನ್ನ ಒಳ್ಳೇ ನಡತೆಯನ್ನೇ ನೆಚ್ಚಿ, ಯಾವ ಭಯವೂ ಇಲ್ಲದೆ, ವ್ಯರ್ಥನಿರೀಕ್ಷೆಯ ದೋಣಿಯಲ್ಲಿ ಸುಖವಾಗಿ ದಾಟಿ, ಬಾಗಿಲಿನಿಂದಲೇ ಹಿಂದಕ್ಕೆ ತಳ್ಳಲ್ಪಟ್ಟನು. ಧೈರ್ಯವಿರುವವರೆಲ್ಲರೂ ಭದ್ರರಲ್ಲ, ಭಯಪಡುವವರೆಲ್ಲರೂ ನಾಶವಾಗತಕ್ಕವರೂ ಅಲ್ಲ. ಯಾರನ್ನು ಹಿಡಿದುಕೊಂಡಿದ್ದೇವೆಂಬದೇ ಮುಖ್ಯ.

ಬನ್ಯನನ ಅಂತ್ಯವು ಅವನ ಜೀವಿತಕ್ಕೆ ತಕ್ಕದ್ದಾಗಿತ್ತು. ೧೬೮೮ರ ಆಗಸ್ಟ್ ತಿಂಗಳಲ್ಲಿ ಒಬ್ಬ ತಂದೆಗೂ ಮಗನಿಗೂ ಆಗಿದ್ದ ಜಗಳವನ್ನು ತೀರಿಸುವದಕ್ಕಾಗಿ ಅವನು ರೆಡಿಂಗ್ ಎಂಬ ಊರಿಗೆ ಹೋಗಿ, ಅವರನ್ನು ಸಮಾಧಾನಪಡಿಸಿ, ಕುದುರೆಯ ಮೇಲೆ ಲಂಡನಿಗೆ ಬರುವಾಗ ಸುರಿಮಳೆಯಲ್ಲಿ ತೊಯ್ದನು. ಒಬ್ಬ ಸ್ನೇಹಿತನ ಮನೆಯಲ್ಲಿ ಇಳಿದುಕೊಂಡಿದ್ದಾಗ ಜ್ವರವು ಬಂತು. ಆಗಸ್ಟ್ ೩೧ರಂದು, ಅರುವತ್ತು ವರ್ಷ ತುಂಬುವದರೊಳಗೆ, ಅವನು ತಾನೇ ವರ್ಣಿಸಿದ ಹೊಳೆಯನ್ನು ದಾಟಿದನು. ಲಂಡನಿನ ಬನ್‌ಹಿಲ್ ಫೀಲ್ಡ್ಸ್ ಎಂಬ ಸ್ಮಶಾನದಲ್ಲಿ ಅವನ ಸಮಾಧಿಯಿದೆ.

ಪ್ರಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ನಿತ್ಯಜೀವವೆಂದರೆ ಸತ್ತ ಮೇಲೆ ದೊರೆಯುವ ಕೊನೆಯಿಲ್ಲದ ದಿನಗಳು ಮಾತ್ರವಲ್ಲ. ನಿಜ ದೇವರನ್ನೂ ಆತನು ಕಳುಹಿಸಿದ ಯೇಸು ಕ್ರಿಸ್ತನನ್ನೂ ತಿಳಿಯುವದೇ ನಿತ್ಯಜೀವವೆಂದು ಯೋಹಾನನ ಸುವಾರ್ತೆಯ ೧೭ನೆಯ ಅಧ್ಯಾಯವು ತಿಳಿಸುತ್ತದೆ. ಆದದರಿಂದ ಅದು ನಮ್ಮ ಹೊಲಮನೆಗಳಲ್ಲಿ, ಈ ದಿನವೇ ಪ್ರಾರಂಭವಾಗುತ್ತದೆ. ಅದು ನಮ್ಮ ಕೈಯ ಹಿಡಿತದಿಂದ ಉಳಿಯುವಂಥದ್ದಾಗಿದ್ದರೆ ನಮ್ಮಲ್ಲಿ ಯಾರೂ ಉಳಿಯುತ್ತಿರಲಿಲ್ಲ. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಕೊಳ್ಳಲಾರರೆಂದು ಒಳ್ಳೇ ಕುರುಬನು ಅದೇ ಸುವಾರ್ತೆಯ ೧೦ನೆಯ ಅಧ್ಯಾಯದಲ್ಲಿ ಮಾತುಕೊಟ್ಟಿದ್ದಾನೆ. ಎಳೇ ಮಗುವು ಜಾತ್ರೆಯ ಗುಂಪಿನಲ್ಲಿ ತಾಯಿಯ ಬೆರಳನ್ನು ಹಿಡಿದಿರುತ್ತದೆ. ನೂಕುನುಗ್ಗಲಲ್ಲಿ ಅದರ ಹಿಡಿತವು ಸಡಿಲವಾದರೂ ತಾಯಿಯ ಹಿಡಿತವು ಬಿಗಿಯಾಗಿರುವದರಿಂದ ಅದು ಕಳೆದುಹೋಗುವದಿಲ್ಲ.

ನಿಮ್ಮಲ್ಲಿ ಯಾರಾದರೂ ತಮ್ಮ ಪಾಪವು ಕ್ಷಮೆಗೆ ಮೀರಿದ್ದೆಂದು ಗುಟ್ಟಾಗಿ ಅಳುತ್ತಿದ್ದರೆ ಬನ್ಯನನನ್ನು ನೆನಪುಮಾಡಿಕೊಳ್ಳಿರಿ. ಕರ್ತನನ್ನು ನಿಜವಾಗಿ ತಳ್ಳಿಬಿಟ್ಟವನು ಆತನಿಗಾಗಿ ಹೀಗೆ ಅಳುವದಿಲ್ಲ. ಆ ದುಃಖವೇ ಆತನು ನಿಮ್ಮನ್ನು ಬಿಟ್ಟಿಲ್ಲವೆಂಬದಕ್ಕೆ ಗುರುತು. ಪಾಪವನ್ನು ಬಿಡಲು ಮನಸ್ಸಿಲ್ಲದೆ, ದೀಕ್ಷಾಸ್ನಾನವಾಗಿದೆ, ಸಭೆಯ ಪಟ್ಟಿಯಲ್ಲಿ ಹೆಸರಿದೆ ಎಂದು ನಿಶ್ಚಿಂತರಾಗಿರುವವರು ಆ ದೋಣಿಯಲ್ಲಿ ದಾಟಿದವನನ್ನು ನೆನಪುಮಾಡಿಕೊಳ್ಳಲಿ. ನಂಬಿಕೆಯಿದ್ದರೂ ಮನಸ್ಸಿಗೆ ಬೆಳಕು ಕಾಣದವರು ಮೋಡದ ದಿನದಲ್ಲಿಯೂ ಸೂರ್ಯನು ತನ್ನ ಸ್ಥಳದಲ್ಲಿಯೇ ಇದ್ದಾನೆಂದು ತಿಳಿದು, ವಾಗ್ದಾನವನ್ನು ಬಿಡದೆ ಹಿಡಿಯಲಿ. ನಮ್ಮ ನೀತಿಯಾಗಿರುವ ಕರ್ತನು ಈ ನಿಶ್ಚಯವನ್ನು ನಮ್ಮ ಸಭೆಗಳಲ್ಲಿರುವ ಬಡವರಿಗೂ ರೋಗಿಗಳಿಗೂ ವೃದ್ಧರಿಗೂ ದಯಪಾಲಿಸಿ, ನಮ್ಮೆಲ್ಲರನ್ನೂ ಹೊಳೆಯ ಆಚೇ ದಡಕ್ಕೆ ಸೇರಿಸಲಿ.